ಅಪ್ಪಯ್ಯನ ಕಾಲುಗುರು ದಪ್ಪಗಾಗಿ ಹಳದಿಯಾಗಿದೆ: ಇದು ಶಿಲೀಂಧ್ರವೇ, ಮನೆಯವರಿಗೂ ಹರಡುತ್ತದೆಯೇ?

ಪ್ರಶ್ನೆ: ಕುಂದಾಪುರದ ಮಗಳು, ಡೊಂಬಿವಲಿ (ಜುಲೈ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ ಈಗ 66 ವರ್ಷ. ಹದಿನಾರರ ಪ್ರಾಯದಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಮೊದಲು ಪಾತ್ರೆ ತೊಳೆಯುವ ಮೋರಿಯಲ್ಲಿ, ಆಮೇಲೆ ಅಡುಗೆಮನೆಯಲ್ಲಿ, ಹೀಗೆ ಮಾಟುಂಗ ಮತ್ತು ದಾದರಿನ ಹೋಟೆಲುಗಳಲ್ಲಿ ನಲವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದಿದ್ದಾರೆ. ಈಗ ಡೊಂಬಿವಲಿಯಲ್ಲಿ ನಮ್ಮೊಂದಿಗೇ ಇದ್ದಾರೆ. ಆದರೂ ಕೈಕಟ್ಟಿ ಕೂರುವ ಜೀವವಲ್ಲವಾದ್ದರಿಂದ, ಹತ್ತಿರದ ಕೇಟರಿಂಗಿನವರೊಬ್ಬರಿಗೆ ವಾರದಲ್ಲಿ ಮೂರು ದಿನ ಸಾರು, ಸಾಂಬಾರು ಮಾಡಿಕೊಡುತ್ತಾರೆ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅದಕ್ಕೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಆಮ್ಲೊಡಿಪಿನ್, ಕೊಲೆಸ್ಟರಾಲಿಗೆ ಅಟೊರ್ವಾಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ.

ಅವರ ಬಲಗಾಲಿನ ಹೆಬ್ಬೆರಳ ಉಗುರು ಹಾಳಾಗಿ ಎಷ್ಟು ವರ್ಷವಾಯಿತೋ ಅವರಿಗೇ ನೆನಪಿಲ್ಲ. ಕಳೆದ ವಾರ ಬಗ್ಗಲು ಆಗುತ್ತಿಲ್ಲವೆಂದು ನನ್ನ ಕೈಗೆ ನೇಲ್ ಕಟರ್ ಕೊಟ್ಟಾಗಲೇ ನಾನು ಅದನ್ನು ಹತ್ತಿರದಿಂದ ನೋಡಿದ್ದು. ತುದಿಯಿಂದ ಬುಡದ ಕಡೆಗೆ ಮುಕ್ಕಾಲು ಭಾಗ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದೆ, ಮಾಮೂಲಿ ಉಗುರಿನ ಮೂರು ಪಟ್ಟು ದಪ್ಪವಿದೆ, ಕಟರಿನ ಬಾಯಿಗೆ ಹಿಡಿಯುವುದೇ ಇಲ್ಲ. ಒಂದು ಮೂಲೆಯನ್ನು ಹೇಗೋ ಕತ್ತರಿಸಿದಾಗ, ಉಗುರಿನ ಅಡಿಯಿಂದ ಒದ್ದೆ ರವೆಯಂಥ ಬಿಳಿ ಪುಡಿ ಕೆಳಗೆ ಹಾಸಿದ್ದ ಪತ್ರಿಕೆಯ ಮೇಲೆ ಉದುರಿತು, ಜೊತೆಗೆ ಹಳೆಯ ಬೂಟಿನ ವಾಸನೆ ಬಂತು. ಪಕ್ಕದ ಎರಡು ಉಗುರುಗಳ ಅಂಚೂ ಹಳದಿಯಾಗಿದೆ. ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಸುಲಿದಿದೆ. ಕೇಳಿದರೆ "ಒಂದು ಉಗುರಲ್ಲವಾ, ನೋವೇನೂ ಇಲ್ಲ, ಬಿಡು" ಎನ್ನುತ್ತಾರೆ.

ಔಷಧದ ಅಂಗಡಿಯವರು ಕೊಟ್ಟ ಒಂದು ಕ್ರೀಮನ್ನು ಅವರು ಎರಡು ವರ್ಷಗಳಿಂದ ಆಗಾಗ ಹಚ್ಚುತ್ತಿದ್ದರಂತೆ. ಹಚ್ಚಿದಾಗ ಸಂದಿಯ ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ, ಉಗುರಂತೂ ಹಾಗೆಯೇ ಇದೆ. ಈಗ ನನ್ನ ಕಾಲುಗುರುಗಳ ಮೇಲೂ ಬಿಳಿ ಮಚ್ಚೆಗಳು ಕಾಣಿಸಿಕೊಂಡಿವೆ. ನಮ್ಮದು ಒಂದೇ ಬಚ್ಚಲು, ಒಂದೇ ಕಾಲೊರಸು. ಇದು ನಿಜವಾಗಿಯೂ ಶಿಲೀಂಧ್ರವೇ, ಈ ವಯಸ್ಸಿನಲ್ಲಿ ಇಷ್ಟೆಲ್ಲ ಮಾತ್ರೆಗಳ ಜೊತೆಗೆ ಇನ್ನೊಂದು ಮಾತ್ರೆ ಕೊಡಬಹುದೇ, ಮನೆಯ ಉಳಿದವರಿಗೆ ಹರಡದಂತೆ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಚರ್ಮವೈದ್ಯ, ಮುಲುಂಡ್

ಅಮ್ಮಾ, ನೀವು ವರ್ಣಿಸಿದ ರೀತಿ ಬಹಳ ಸ್ಪಷ್ಟವಾಗಿದೆ, ಆದರೂ ಉಗುರನ್ನು ಕಣ್ಣಿನಿಂದ ಮಾತ್ರ ನೋಡಿ ಶಿಲೀಂಧ್ರವೆಂದು ತೀರ್ಮಾನಿಸುವುದು ಸರಿಯಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕೆಟ್ಟು ಹೋದ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಶಿಲೀಂಧ್ರದಿಂದ ಆದಂಥವು. ಸೋರಿಯಾಸಿಸ್, ಬಿಗಿ ಬೂಟಿನ ಒತ್ತಡ, ಹಳೆಯ ಪೆಟ್ಟು, ಲೈಕನ್ ಪ್ಲಾನಸ್ ಎಂಬ ಚರ್ಮರೋಗ ಇವೆಲ್ಲವೂ ಉಗುರನ್ನು ದಪ್ಪಗೆ, ಹಳದಿಯಾಗಿ ಮಾಡಬಲ್ಲವು. ಅಪರೂಪಕ್ಕೆ ಉಗುರಿನಡಿಯ ಕಪ್ಪು ಪಟ್ಟಿಯೊಂದು ಮೆಲನೋಮ ಎಂಬ ಕ್ಯಾನ್ಸರ್ ಆಗಿರುವುದೂ ಉಂಟು. ಹಾಗಾಗಿ ಕಪ್ಪು ಗೆರೆ ಅಗಲವಾಗುತ್ತಿದ್ದರೆ ಅಥವಾ ಬುಡದ ಚರ್ಮಕ್ಕೂ ಕಪ್ಪು ಹಬ್ಬಿದರೆ ಒಂದು ದಿನವೂ ತಡಮಾಡಬಾರದು.

ಆದರೂ ನಿಮ್ಮ ತಂದೆಯವರ ವಿಷಯದಲ್ಲಿ ಲಕ್ಷಣಗಳೆಲ್ಲ ಒಂದೇ ಕಡೆಗೆ ಬೆರಳು ಮಾಡುತ್ತಿವೆ. ಉಗುರು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದ ಆದದ್ದು. ಈ ಕೆರಾಟಿನ್ನನ್ನೇ ಆಹಾರ ಮಾಡಿಕೊಂಡು ಬದುಕುವ ಶಿಲೀಂಧ್ರಗಳ ಒಂದು ಗುಂಪಿದೆ, ಅದರಲ್ಲಿ ಕಾಲುಗುರನ್ನು ಹಿಡಿಯುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಟ್ರೈಕೊಫೈಟಾನ್ ರೂಬ್ರಮ್. ಅದು ಹೆಚ್ಚಿನ ಸಂದರ್ಭಗಳಲ್ಲಿ ಉಗುರಿನಿಂದ ಆರಂಭವಾಗುವುದೇ ಇಲ್ಲ. ಮೊದಲು ಬೆರಳ ಸಂದಿಯಲ್ಲೋ ಅಂಗಾಲಿನಲ್ಲೋ ನೆಲೆಯೂರಿ, ಅಲ್ಲಿಂದ ಉಗುರಿನ ತುದಿ ಮತ್ತು ಪಕ್ಕದ ಅಂಚುಗಳ ಕೆಳಗೆ ನುಸುಳಿ, ಉಗುರಿನ ಹಾಸಿನ ಮೇಲೆ ಬುಡದ ಕಡೆಗೆ ನಿಧಾನವಾಗಿ ತೆವಳುತ್ತದೆ. ಆ ಕೆರಳಿಕೆಗೆ ಹಾಸಿನ ಚರ್ಮ ಪದರ ಪದರವಾಗಿ ಬೆಳೆದು ಉದುರುವುದರಿಂದಲೇ ನೀವು ಕಂಡ ಆ ರವೆಯಂಥ ಪುಡಿ ಉಂಟಾಗುತ್ತದೆ ಮತ್ತು ಉಗುರು ಹಾಸಿನಿಂದ ಮೇಲಕ್ಕೆ ಎತ್ತಿಕೊಳ್ಳುತ್ತದೆ. ನಿಮ್ಮ ತಂದೆಯವರ ಕಿರುಬೆರಳ ಸಂದಿಯೇ ಈ ಕಥೆಯ ಮೊದಲ ಅಧ್ಯಾಯವಾಗಿರುವ ಸಂಭವ ಹೆಚ್ಚು. ಆದ್ದರಿಂದ ಉಗುರಿಗೆ ಮಾತ್ರ ಮದ್ದು ಮಾಡಿ ಸಂದಿಯನ್ನು ಹಾಗೇ ಬಿಟ್ಟರೆ, ಬಾಗಿಲು ತೆರೆದಿಟ್ಟು ಕಿಟಕಿ ಮುಚ್ಚಿದಂತೆ ಆಗುತ್ತದೆ.

ಅಂಗಡಿಯ ಆ ಕ್ರೀಮಿನ ಟ್ಯೂಬನ್ನು ಒಮ್ಮೆ ಕೈಗೆತ್ತಿಕೊಂಡು ಅದರ ಮೇಲಿನ ಹೆಸರುಗಳನ್ನು ಓದಿ. ಬೆಟಾಮೆಥಾಸೋನ್ ಅಥವಾ ಕ್ಲೊಬೆಟಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಅಡಗಿಸುತ್ತದೆ, ಏಕೆಂದರೆ ಅದು ಶರೀರದ ಪ್ರತಿರೋಧವನ್ನೇ ಅಡಗಿಸುತ್ತದೆ. ಶಿಲೀಂಧ್ರಕ್ಕೆ ಅದರಿಂದ ಹಬ್ಬವಾಗುತ್ತದೆ. ಎರಡು ದಿನದಲ್ಲಿ ತುರಿಕೆ ನಿಂತು, ಬಿಟ್ಟೊಡನೆ ಮರಳಿ ಬರುವುದು ಇಂಥ ಕ್ರೀಮಿನ ಗುರುತು. ನಮ್ಮ ದೇಶದಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹುಳುಕಡ್ಡಿ ಇಷ್ಟು ಹಠಮಾರಿಯಾಗಲು ಇಂಥ ಮಿಶ್ರಣದ ಕ್ರೀಮುಗಳ ಬೇಕಾಬಿಟ್ಟಿ ಬಳಕೆ ಒಂದು ದೊಡ್ಡ ಕಾರಣವೆಂದು ನಾವು ಚರ್ಮವೈದ್ಯರು ದಿನವೂ ಹೊರರೋಗಿ ವಿಭಾಗದಲ್ಲಿ ಕಾಣುತ್ತಿದ್ದೇವೆ, ಮತ್ತು ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದನ್ನು ಇಂದೇ ನಿಲ್ಲಿಸಿ. ಅಲ್ಲದೆ ಯಾವ ಕ್ರೀಮೂ ಆ ದಪ್ಪ ಉಗುರನ್ನು ದಾಟಿ ಒಳಗೆ ಇಳಿಯುವುದಿಲ್ಲ.

"ಒಂದು ಉಗುರಲ್ಲವಾ" ಎಂಬ ಮಾತನ್ನು ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ದಪ್ಪಗಾದ ಉಗುರು ಚಪ್ಪಲಿಯೊಳಗೆ ಒತ್ತಿ ಕೆಳಗೆ ಹುಣ್ಣು ಮಾಡಿದರೂ, ನರಗಳು ಮರಗಟ್ಟಿದ ಪಾದಕ್ಕೆ ಅದು ಗೊತ್ತಾಗುವುದಿಲ್ಲ. ನೋವಿಲ್ಲ ಎಂಬ ಅವರ ಮಾತೇ ನನಗೆ ಸಮಾಧಾನಕ್ಕಿಂತ ಚಿಂತೆಯನ್ನು ಹೆಚ್ಚು ತರುತ್ತದೆ. ವೈದ್ಯರ ಬಳಿ ಹೋದಾಗ ಪಾದದ ಸ್ಪರ್ಶಜ್ಞಾನವನ್ನೂ ರಕ್ತಸಂಚಾರವನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳಿ. ಅಲ್ಲಿಯವರೆಗೆ ಬ್ಲೇಡು ಹಾಕಿ ಕೆತ್ತಬೇಡಿ, ಮೂಲೆಗಳನ್ನು ಒಳಕ್ಕೆ ಕತ್ತರಿಸಬೇಡಿ, ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರಲು ಬಿಡಬೇಡಿ. ಖಾಸಗಿ ಚರ್ಮತಜ್ಞರು ದುಬಾರಿ ಎನಿಸಿದರೆ ಸಾಯನ್ ಮತ್ತು ಕೆಇಎಂ ಮುಂತಾದ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಉಗುರಿನ ಪರೀಕ್ಷೆ ಆಗದೆ ಮಾತ್ರೆ ಶುರುಮಾಡಬೇಡಿ.

ಉತ್ತರ: ಹಳೆಯ ಹೋಟೆಲಿಗ, ಸಾಯನ್

ಮಗಳೇ, ನಿನ್ನ ಅಪ್ಪಯ್ಯನನ್ನು ನಾನು ಕಂಡವನಲ್ಲ, ಆದರೆ ಅವರ ಪಾದವನ್ನು ಬಲ್ಲೆ, ಏಕೆಂದರೆ ನನ್ನ ಪಾದವೂ ಅದೇ ನೀರಿನಲ್ಲಿ ನಿಂತದ್ದು. 1979ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಬೆಳಗಿನ ನಾಲ್ಕೂವರೆಗೆ ಕಡಪ ಕಲ್ಲಿನ ನೆಲಕ್ಕೆ ಬಕೆಟು ಬಕೆಟು ನೀರು ಸುರಿಯುತ್ತಿದ್ದೆವು, ರಾತ್ರಿ ಹನ್ನೊಂದಕ್ಕೆ ಮತ್ತೆ ಸುರಿಯುತ್ತಿದ್ದೆವು, ನಡುವೆ ಆ ನೆಲ ಒಣಗಿದ್ದನ್ನು ಯಾರೂ ನೋಡಿದವರಿಲ್ಲ. ಅಕ್ಕಿ ತೊಳೆದ ನೀರು, ಸಾಂಬಾರಿನ ಜಿಡ್ಡು, ಸಾಬೂನಿನ ನೊರೆ ಎಲ್ಲವೂ ಬೆರಳ ಸಂದಿಯಲ್ಲೇ ಹಾದು ಮೋರಿಗೆ ಹೋಗುತ್ತಿತ್ತು. ಮಲಗುವುದು ಮಾಳಿಗೆಯ ಮೇಲೆ, ಹದಿನೆಂಟು ಹುಡುಗರು ಒಟ್ಟಿಗೆ. ಮೆಟ್ಟಿಲ ಬುಡದಲ್ಲಿ ಚಪ್ಪಲಿಯ ರಾಶಿ, ಯಾರ ಕಾಲಿಗೆ ಯಾವುದು ಸಿಕ್ಕಿತೋ ಅದು. ಪಾಯಿಖಾನೆಗೆ ಹೋಗಲು ಎಲ್ಲರಿಗೂ ಸೇರಿ ಒಂದೇ ಜೋಡಿ ರಬ್ಬರ್ ಚಪ್ಪಲಿ.

ಮಳೆಗಾಲ ಬಂದರೆ ಎಲ್ಲರ ಬೆರಳ ಸಂದಿಯೂ ಬೆಳ್ಳಗಾಗಿ ಬಿರಿಯುತ್ತಿತ್ತು. ನಾವು ಊರಿನಲ್ಲಿ ಗದ್ದೆ ನಾಟಿಯ ಕಾಲಕ್ಕೆ ಕೆಸರುಹುಣ್ಣು ಎಂದು ಹೇಳಿದ ಹಾಗೆ, ಇಲ್ಲಿ ಮರಾಠಿಯವರು ಅದನ್ನು ಚಿಖಲ್ಯಾ ಎನ್ನುತ್ತಾರೆ. ಎರಡರಲ್ಲೂ ಇರುವುದು ಕೆಸರೇ. ಮಳೆ ಹೋದ ಮೇಲೆ ತಾನೇ ಹೋಗುತ್ತದೆ ಎಂಬುದು ನಮ್ಮ ನಂಬಿಕೆಯಾಗಿತ್ತು. ತುರಿಕೆ ಹೋಗುತ್ತಿತ್ತು ನಿಜ, ಉಗುರಿನಡಿಗೆ ಇಳಿದದ್ದು ಹೋಗುತ್ತಿರಲಿಲ್ಲ ಎಂಬುದು ಬಹಳ ತಡವಾಗಿ ತಿಳಿಯಿತು.

ಮುಂದೆ ನಾನೇ ಒಂದು ಹೋಟೆಲಿನ ಉಸ್ತುವಾರಿ ನೋಡಿಕೊಳ್ಳುವಾಗ, ಪಾತ್ರೆ ತೊಳೆಯುವ ಹುಡುಗನೊಬ್ಬನ ಕಾಲು ರಾತ್ರಿ ಬೆಳಗಾಗುವುದರೊಳಗೆ ಮೊಣಕಾಲಿನವರೆಗೆ ಕೆಂಪಗೆ ಊದಿಕೊಂಡು, ಚಳಿಜ್ವರ ಬಂದು, ಒಂಬತ್ತು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಬಿರಿದ ಬೆರಳ ಸಂದಿಯಿಂದಲೇ ಬ್ಯಾಕ್ಟೀರಿಯ ಒಳಗೆ ಹೊಕ್ಕಿದೆ ಎಂದು ವೈದ್ಯರು ತೋರಿಸಿಕೊಟ್ಟರು. ಅವನ ತಾಯಿ ಬೈಂದೂರಿನಿಂದ ಬಸ್ಸಿನಲ್ಲಿ ಬಂದು ಅವನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದುದನ್ನು ನಾನು ಈಗಲೂ ಮರೆತಿಲ್ಲ. ಆಮೇಲೆ ಪ್ರತಿಯೊಬ್ಬನಿಗೂ ಎರಡೆರಡು ಜೋಡಿ ಗಮ್ ಬೂಟು ಕೊಡಿಸಿ, ಬಣ್ಣದಲ್ಲಿ ಹೆಸರು ಬರೆಸಿದೆ. ಒಂದು ಜೋಡಿ ಕಾಲಿನಲ್ಲಿದ್ದರೆ ಇನ್ನೊಂದು ಜೋಡಿ ಹಿತ್ತಲಿನ ಕಬ್ಬಿಣದ ಸರಳಿಗೆ ತಲೆಕೆಳಗಾಗಿ ನೇತುಬಿದ್ದು ಒಣಗುತ್ತಿರಬೇಕು ಎಂಬುದು ಕಟ್ಟುನಿಟ್ಟು. ಮೋರಿಯ ಮುಂದೆ ನೀರು ಸೋಸಿಹೋಗುವ ತೂತುಗಳಿರುವ ರಬ್ಬರ್ ಹಾಸು ಹಾಕಿಸಿದೆ. ಕೆಲಸ ಮುಗಿದ ಮೇಲೆ ಕಾಲು ತೊಳೆದು, ಒಣ ಬಟ್ಟೆಯ ಮೂಲೆಯನ್ನು ಒಂದೊಂದು ಸಂದಿಯಲ್ಲೂ ಎಳೆದು ಒರೆಸಿಕೊಂಡು ಮಾಳಿಗೆ ಹತ್ತಬೇಕು. ಇದಕ್ಕೆ ಹಳೆಯ ಪಂಚೆಯ ತುಂಡಿಗಿಂತ ಒಳ್ಳೆಯದು ಇನ್ನೊಂದಿಲ್ಲ. ದಪ್ಪ ಟವೆಲು ಕಿರುಬೆರಳ ಸಂದಿಗೆ ಹೋಗುವುದೇ ಇಲ್ಲ.

ನಿನ್ನ ಅಪ್ಪಯ್ಯ ಈಗಲೂ ಅಡುಗೆಗೆ ಹೋಗುವ ಜಾಗದ ನೆಲ ಹೇಗಿದೆ, ಅಲ್ಲಿ ಅವರು ಬರಿಗಾಲಿನಲ್ಲಿ ನಿಲ್ಲುತ್ತಾರೋ ಎಂಬುದನ್ನು ಮೊದಲು ಹೋಗಿ ನೋಡು. ಒಲೆಯ ಮುಂದೆ ಬರಿಗಾಲಿನಲ್ಲಿ ನಿಲ್ಲುವುದು ನಮ್ಮವರಿಗೆ ಮಡಿಯ ಅಭ್ಯಾಸ, ಅದನ್ನು ಬಿಡಿಸುವುದು ಕಷ್ಟ. ಅಡುಗೆಮನೆಗೇ ಎಂದು ತೆಗೆದಿರಿಸಿದ ಬೇರೆ ಚಪ್ಪಲಿಯಾದರೆ ಹೆಚ್ಚಿನವರು ಒಪ್ಪುತ್ತಾರೆ.

ಉತ್ತರ: ಓಟಗಾರ, ಠಾಣೆ

ಪರೀಕ್ಷೆ ಮಾಡಿಸಿ ಎಂಬ ಮಾತಿಗೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ. ಮ್ಯಾರಥಾನ್ ಅಭ್ಯಾಸದ ದಿನಗಳಲ್ಲಿ ನನ್ನ ಎರಡೂ ಹೆಬ್ಬೆರಳ ಉಗುರು ದಪ್ಪಗಾಗಿ ಬಣ್ಣಗೆಟ್ಟಾಗ, ಪರಿಚಿತರೊಬ್ಬರು ಹೇಳಿದರೆಂದು ಆರು ವಾರ ಶಿಲೀಂಧ್ರದ ಮಾತ್ರೆ ನುಂಗಿದೆ. ಆಮೇಲೆ ಉಗುರಿನ ಚೂರನ್ನು ಪರೀಕ್ಷಿಸಿದರೆ ಶಿಲೀಂಧ್ರದ ಸುಳಿವೇ ಇರಲಿಲ್ಲ. ಬೂಟು ಅರ್ಧ ಅಳತೆ ಚಿಕ್ಕದಿದ್ದು, ಇಳಿಜಾರಿನಲ್ಲಿ ಓಡುವಾಗ ಬೆರಳು ಪ್ರತಿ ಹೆಜ್ಜೆಗೂ ಮುಂದಕ್ಕೆ ಬಡಿಯುತ್ತಿದ್ದುದೇ ಕಾರಣವಾಗಿತ್ತು. ಬೂಟು ಬದಲಾಯಿಸಿದ ಮೇಲೆ ಒಂದೂವರೆ ವರ್ಷದಲ್ಲಿ ಉಗುರು ತಾನಾಗಿ ಸರಿಹೋಯಿತು.

ಉತ್ತರ: ಪ್ರಯೋಗಾಲಯದಿಂದ, ಪುಣೆ

ನಾನು ಬೆಳಗಾವಿಯವಳು, ಪುಣೆಯಲ್ಲಿ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಪರೀಕ್ಷೆ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮಾದರಿಯನ್ನು ಹೇಗೆ ತೆಗೆಯಬೇಕೆಂಬುದರ ಮೇಲೆಯೇ ವರದಿಯ ಬೆಲೆ ನಿಂತಿದೆ ಎಂಬುದನ್ನು ಹೇಳುವವರು ಕಡಿಮೆಯಾದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಎಷ್ಟೋ ಜನ ಮನೆಯಲ್ಲಿ ಕತ್ತರಿಸಿದ ಉಗುರಿನ ತುದಿಯನ್ನು ಕಾಗದದಲ್ಲಿ ಕಟ್ಟಿ ತರುತ್ತಾರೆ. ಆ ತುದಿಯಲ್ಲಿ ಇರುವುದು ಹೆಚ್ಚಾಗಿ ಸತ್ತ ಶಿಲೀಂಧ್ರ ಮತ್ತು ನೆಲದ ಬೂಸ್ಟು. ಜೀವಂತ ಶಿಲೀಂಧ್ರ ಇರುವುದು ಒಳ್ಳೆಯ ಉಗುರೂ ಕೆಟ್ಟ ಉಗುರೂ ಸೇರುವ ಗಡಿಯ ಹತ್ತಿರ. ಆದ್ದರಿಂದ ಉಗುರನ್ನು ಸ್ಪಿರಿಟ್ಟಿನಿಂದ ಒರೆಸಿ, ಸಡಿಲವಾದ ತುದಿಯನ್ನು ಕತ್ತರಿಸಿ ಬದಿಗಿಟ್ಟು, ಒಳಗಿನ ಪುಡಿಯನ್ನು ಸಾಧ್ಯವಾದಷ್ಟು ಬುಡದ ಕಡೆಯಿಂದ ಕೆರೆದು ತೆಗೆಯಬೇಕು. ಪುಡಿ ಧಾರಾಳವಾಗಿ ಸಿಕ್ಕಿದಷ್ಟೂ ಒಳ್ಳೆಯದು. ಶಿಲೀಂಧ್ರದ ಮದ್ದು ಹಚ್ಚುತ್ತಿದ್ದರೆ ವೈದ್ಯರನ್ನು ಕೇಳಿ ಕೆಲವು ವಾರ ಮೊದಲೇ ನಿಲ್ಲಿಸಿ ಬರುವುದು ಉತ್ತಮ.

ನಾವು ಆ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸುತ್ತೇವೆ. ಅದು ಉಗುರಿನ ಕೆರಾಟಿನ್ನನ್ನು ಕರಗಿಸಿ ಶಿಲೀಂಧ್ರವನ್ನು ಮಾತ್ರ ಉಳಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮಂಜು ಮುಸುಕಿದ ಹಿನ್ನೆಲೆಯಲ್ಲಿ ಬಿದಿರಿನ ಗಿಣ್ಣುಗಳಂತೆ ಅಡ್ಡಗೆರೆಗಳಿರುವ, ಅಲ್ಲಲ್ಲಿ ಕವಲೊಡೆದ ಎಳೆಗಳು ಹೊಳೆಯುತ್ತವೆ. ಇದರ ಉತ್ತರ ಅದೇ ದಿನ ಅಥವಾ ಮರುದಿನ ಸಿಗುತ್ತದೆ. ಆದರೆ ಅದು ಯಾವ ಶಿಲೀಂಧ್ರ ಎಂಬುದು ಎಳೆ ನೋಡಿದರೆ ತಿಳಿಯದು. ಅದಕ್ಕೆ ಫ್ರೆಂಚ್ ಚರ್ಮವೈದ್ಯ ಸಬುರೋ ಅವರ ಹೆಸರಿನ ಮಾಧ್ಯಮದ ಮೇಲೆ ಬೆಳೆಸಿ ಮೂರು ನಾಲ್ಕು ವಾರ ಕಾಯಬೇಕು. ರೂಬ್ರಮ್ ಆಗಿದ್ದರೆ ಮೇಲೆ ಹತ್ತಿಯಂಥ ಬಿಳುಪು, ನಳಿಗೆಯನ್ನು ತಿರುಗಿಸಿ ಹಿಂಬದಿಯಿಂದ ನೋಡಿದರೆ ಕೋಕಂ ಸಿಪ್ಪೆಯಂಥ ಕಡುಗೆಂಪು. ರೂಬ್ರಮ್ ಎಂದರೆ ಲ್ಯಾಟಿನ್ನಿನಲ್ಲಿ ಕೆಂಪು ಎಂದೇ ಅರ್ಥ. 1910ರಲ್ಲಿ ಕ್ಯಾಸ್ಟೆಲಾನಿ ಎಂಬ ಇಟಲಿಯ ವೈದ್ಯರು ಇದನ್ನು ಮೊದಲು ವರ್ಣಿಸಿದರು, ಮತ್ತು ಆ ದಿನಗಳಲ್ಲಿ ಅವರು ಕೆಲಸ ಮಾಡುತ್ತಿದ್ದುದು ನಮ್ಮ ಪಕ್ಕದ ಸಿಲೋನಿನಲ್ಲಿ.

ಒಂದು ಸಲ ಶಿಲೀಂಧ್ರ ಕಾಣಲಿಲ್ಲವೆಂದು ವರದಿ ಬಂದರೆ ರೋಗವಿಲ್ಲವೆಂದೇ ಅರ್ಥವಲ್ಲ. ಉಗುರಿನ ಮಾದರಿಗಳಲ್ಲಿ ಸುಳ್ಳು ನೆಗೆಟಿವ್ ಬರುವುದು ಸಾಮಾನ್ಯ. ವೈದ್ಯರಿಗೆ ಅನುಮಾನ ಉಳಿದರೆ ಮತ್ತೊಮ್ಮೆ ಮಾದರಿ ಕೊಡಿ, ಅಥವಾ ಉಗುರಿನ ಚೂರನ್ನು ಅಂಗಾಂಶ ಪರೀಕ್ಷೆಗೆ ಕಳುಹಿಸಿ ಪಿಎಎಸ್ ಎಂಬ ಬಣ್ಣ ಹಾಕಿಸಿ ನೋಡುವಂತೆ ಕೇಳಿ. ಅದು ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ.

ಮತ್ತೆ: ಕುಂದಾಪುರದ ಮಗಳು, ಡೊಂಬಿವಲಿ (ಆಗಸ್ಟ್)

ಎಲ್ಲರಿಗೂ ಕೃತಜ್ಞತೆಗಳು. ಕ್ರೀಮಿನ ಟ್ಯೂಬಿನಲ್ಲಿ ವೈದ್ಯರು ಹೇಳಿದಂತೆಯೇ ಕ್ಲೊಬೆಟಸಾಲ್ ಇತ್ತು. ಪಾಲಿಕೆ ಆಸ್ಪತ್ರೆಯಲ್ಲಿ ಅಪ್ಪಯ್ಯನ ಉಗುರಿನ ಪುಡಿಯನ್ನು ಬುಡದ ಕಡೆಯಿಂದ ತೆಗೆದು ನೋಡಿದರು, ಶಿಲೀಂಧ್ರದ ಎಳೆಗಳು ಕಂಡವು. ಬೆಳೆಸಿದ ಮಾದರಿಯಲ್ಲಿ ಟ್ರೈಕೊಫೈಟಾನ್ ರೂಬ್ರಮ್ ಎಂದೇ ಬಂದಿದೆ. ಪಾದದ ಸ್ಪರ್ಶವನ್ನು ತೆಳುವಾದ ನೈಲಾನ್ ಎಳೆಯಿಂದ ಮುಟ್ಟಿ ಪರೀಕ್ಷಿಸಿದಾಗ, ಎರಡೂ ಹೆಬ್ಬೆರಳ ಅಡಿಯಲ್ಲಿ ಅವರಿಗೆ ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ಕುಳಿತು "ಇನ್ನೂ ಮುಟ್ಟಿಲ್ಲವಾ?" ಎಂದು ಅವರು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು.

ನನ್ನ ಬಿಳಿ ಮಚ್ಚೆಗಳು ಶಿಲೀಂಧ್ರವೇ ಅಲ್ಲವಂತೆ. ಮೈದುನನ ಮದುವೆಗೆ ಹಚ್ಚಿದ ನೇಲ್ ಪಾಲಿಶನ್ನು ಎರಡು ತಿಂಗಳು ತೆಗೆಯದೆ ಮೇಲಿಂದ ಮೇಲೆ ಬಳಿದುಕೊಂಡಿದ್ದರಿಂದ ಉಗುರಿನ ಮೇಲ್ಪದರ ಒರಟಾಗಿ ಬೆಳ್ಳಗಾಗಿದೆ ಎಂದರು. ಪಾಲಿಶ್ ಬಿಟ್ಟ ಮೇಲೆ ಅದು ಕಡಿಮೆಯಾಗುತ್ತಿದೆ. ಕಾಲುಂಗುರದ ಅಡಿಯಲ್ಲಿ ನೀರು ನಿಲ್ಲದಂತೆ, ಸ್ನಾನವಾದ ಮೇಲೆ ಅದನ್ನು ಸರಿಸಿ ಒರೆಸಿಕೊಳ್ಳಲು ಹೇಳಿದರು. ಇದನ್ನು ಇಲ್ಲಿಯ ಹೆಂಗಸರಿಗಾಗಿ ಬರೆಯುತ್ತಿದ್ದೇನೆ.

ಅಪ್ಪಯ್ಯನಿಗೆ 12 ವಾರ ಟರ್ಬಿನಾಫಿನ್ ಮಾತ್ರೆ ಬರೆದಿದ್ದಾರೆ. ಅವರು ಇನ್ನೂ ಶುರುಮಾಡಿಲ್ಲ, ಏಕೆಂದರೆ ಈ ಮಾತ್ರೆಯಿಂದ ನಾಲಗೆಯ ರುಚಿ ಹೋಗುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರೆ. "ಸಾರಿನ ಉಪ್ಪು ಹುಳಿ ತಿಳಿಯದ ಮೇಲೆ ನಾನು ಯಾಕೆ ಒಲೆ ಮುಂದೆ ನಿಲ್ಲಬೇಕು, ಉಗುರು ಹೀಗೇ ಇರಲಿ" ಎನ್ನುತ್ತಾರೆ. ನೆರೆಮನೆಯವರು ವಿನೆಗರ್, ಅರಿಶಿನ ಬೆರೆಸಿದ ಕೊಬ್ಬರಿ ಎಣ್ಣೆ, ಮದರಂಗಿ ಎಂದು ಬಗೆಬಗೆಯಾಗಿ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಚರ್ಮವೈದ್ಯ, ಮುಲುಂಡ್

ಅವರ ಭಯ ಆಧಾರವಿಲ್ಲದ್ದಲ್ಲ, ಆದ್ದರಿಂದ ಅದನ್ನು ತಳ್ಳಿಹಾಕಬೇಡಿ. ಟರ್ಬಿನಾಫಿನ್ ಕೆಲವೇ ಕೆಲವರಲ್ಲಿ ರುಚಿಯನ್ನು ಕುಂದಿಸುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅದು ಸಾಮಾನ್ಯವಾಗಿ ಮರಳಿ ಬರುತ್ತದೆ, ಬಹಳ ಅಪರೂಪಕ್ಕೆ ಹೆಚ್ಚು ಕಾಲ ಉಳಿಯುತ್ತದೆ. ಬಾಣಸಿಗರಿಗೆ ನಾಲಗೆಯೇ ಬಂಡವಾಳವೆಂಬುದನ್ನು ನಾನು ಬಲ್ಲೆ. ಆದರೆ ಅದೇ ನಾಲಗೆ ಅವರಿಗೆ ಎಲ್ಲರಿಗಿಂತ ಮೊದಲು ಎಚ್ಚರಿಕೆಯನ್ನೂ ಕೊಡುತ್ತದೆ. ದಿನವೂ ಸಾರಿನ ರುಚಿ ನೋಡುವವರಿಗೆ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ. ತಿಳಿದೊಡನೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ಹೇಳಲಿ ಎಂದು ಒಪ್ಪಂದ ಮಾಡಿಕೊಳ್ಳಿ.

ಅವರ ಮಟ್ಟಿಗೆ ಈ ಮಾತ್ರೆಯೇ ಸರಿಯಾದ ಆಯ್ಕೆ ಎಂದು ನನಗೂ ಅನಿಸುತ್ತದೆ. ಇನ್ನೊಂದು ಮಾತ್ರೆಯಾದ ಇಟ್ರಾಕೊನಜೋಲ್, ಅಟೊರ್ವಾಸ್ಟಾಟಿನ್ ಮತ್ತು ಆಮ್ಲೊಡಿಪಿನ್ ಎರಡರ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ, ಹೃದಯ ದುರ್ಬಲವಾದವರಿಗೆ ಅದು ಸಲ್ಲದು. ಟರ್ಬಿನಾಫಿನ್‌ಗೆ ಆ ತೊಡಕು ಕಡಿಮೆ. ಮೆಟೊಪ್ರೊಲಾಲ್ ಎಂಬ ರಕ್ತದೊತ್ತಡದ ಮಾತ್ರೆ ಮತ್ತು ಕೆಲವು ಖಿನ್ನತೆಯ ಮಾತ್ರೆಗಳ ಜೊತೆ ಮಾತ್ರ ಎಚ್ಚರ ಬೇಕು, ಅವು ಇವರಿಗಿಲ್ಲ. ಶುರುಮಾಡುವ ಮೊದಲು ಯಕೃತ್ತಿನ ರಕ್ತಪರೀಕ್ಷೆ ಆಗಿರಬೇಕು, ಮೂತ್ರಪಿಂಡ ಸರಿಯಿದೆಯೇ ಎಂದೂ ನೋಡಿರಬೇಕು. ನಡುವೆ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಹಸಿವು ಪೂರ್ತಿ ಹೋದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಿ.

ವಿನೆಗರ್, ಅರಿಶಿನ, ಮದರಂಗಿಗಳು ಬುಡದವರೆಗೆ ಹಬ್ಬಿದ ಸೋಂಕನ್ನು ಗುಣಪಡಿಸುವುದಿಲ್ಲ. ಸ್ಪರ್ಶವೇ ತಿಳಿಯದ ಪಾದವನ್ನು ವಿನೆಗರಿನಲ್ಲಿ ನೆನೆಸಿಡುವುದಂತೂ ಬೇಡವೇ ಬೇಡ. ಮದರಂಗಿಯ ಬಣ್ಣ ಉಗುರನ್ನು ಮುಚ್ಚಿ, ನಾವು ನೋಡಬೇಕಾದದ್ದನ್ನೇ ಮರೆಮಾಡುತ್ತದೆ. ಉಗುರಿಗೆ ಬಳಿಯುವ ಅಮೊರಾಲ್ಫಿನ್ ಲೇಪನ ತುದಿಯಲ್ಲಿ ಮಾತ್ರ ಇರುವ ಸೋಂಕಿಗೆ ಆಗಬಹುದು; ಇವರಿಗೆ ಮಾತ್ರೆಯ ಜೊತೆಗೆ ಸಹಾಯಕವಾಗಿ ಮಾತ್ರ. ದಪ್ಪವನ್ನು ಇಳಿಸಲು 40 ಶೇಕಡಾ ಯೂರಿಯ ಕ್ರೀಮ್ ಹಚ್ಚಿ ಮೆದುವಾದ ಮೇಲೆ, ಅವರಿಗೇ ಮೀಸಲಾದ ಅರದಿಂದ ನೀವೇ ಮೆಲ್ಲನೆ ಉಜ್ಜಿ. ಬೆರಳ ಸಂದಿಗೆ ಸ್ಟೀರಾಯ್ಡ್ ಇಲ್ಲದ ಶಿಲೀಂಧ್ರದ ಕ್ರೀಮನ್ನು, ತುರಿಕೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು.

12 ವಾರ ಮುಗಿದ ದಿನ ಉಗುರು ಹೆಚ್ಚುಕಡಿಮೆ ಈಗಿನಂತೆಯೇ ಕಾಣುತ್ತದೆ ಎಂಬುದನ್ನು ಅವರಿಗೆ ಈಗಲೇ ಹೇಳಿಡಿ. ಕಾಲುಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಬೆಳೆಯುತ್ತದೆ, ವಯಸ್ಸಾದವರಲ್ಲಿ ಇನ್ನೂ ನಿಧಾನ. ಹೆಬ್ಬೆರಳಿಗೆ ಪೂರ್ತಿ ಹೊಸ ಉಗುರು ಬರಲು 12ರಿಂದ 18 ತಿಂಗಳು ಬೇಕು. ಕೆಟ್ಟ ಉಗುರು ಒಳ್ಳೆಯದಾಗುವುದಿಲ್ಲ, ಹೊಸ ಉಗುರು ಅದನ್ನು ಮುಂದಕ್ಕೆ ತಳ್ಳುತ್ತದೆ. ಇದು ತಿಳಿಯದೆ ಎಷ್ಟೋ ಜನ ಎರಡು ತಿಂಗಳಿಗೇ ಮದ್ದು ಬಿಟ್ಟುಬಿಡುತ್ತಾರೆ. ಒಳ್ಳೆಯ ಉಗುರೂ ಕೆಟ್ಟ ಉಗುರೂ ಸೇರುವ ಗಡಿಯಲ್ಲಿ ಅರದಿಂದ ತೆಳುವಾಗಿ ಒಂದು ಗೆರೆ ಎಳೆದಿಡಿ. ಗೆರೆ ಮುಂದೆ ಸರಿಯುತ್ತಾ ಅದರ ಹಿಂದೆ ಶುಭ್ರವಾದ ಉಗುರು ಬಂದರೆ ಮದ್ದು ಹಿಡಿದಿದೆ. ಹಳದಿ ಬಣ್ಣವು ಆ ಗೆರೆಯನ್ನು ದಾಟಿ ಬುಡದ ಕಡೆಗೆ ಹೋದರೆ ಹಿಡಿದಿಲ್ಲ. ಈ ಮಾತ್ರೆಯಿಂದ ಸುಮಾರು 70 ಶೇಕಡಾ ಜನರಲ್ಲಿ ಶಿಲೀಂಧ್ರ ಹೋಗುತ್ತದೆ, ಆದರೆ ನೋಡಲು ಪೂರ್ತಿ ಮೊದಲಿನಂತೆ ಆಗುವುದು ಅದಕ್ಕಿಂತ ಕಡಿಮೆ ಮಂದಿಯಲ್ಲಿ.

ಮತ್ತೆ: ಕುಂದಾಪುರದ ಮಗಳು, ಡೊಂಬಿವಲಿ (ನವೆಂಬರ್)

ಅಪ್ಪಯ್ಯ ಒಪ್ಪಿ ಮಾತ್ರೆ ಶುರುಮಾಡಿ 12 ವಾರ ಮುಗಿಸಿದರು. ಪ್ರತಿದಿನ ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಒಂದು ಚಮಚ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, "ಹುಳಿ ಸರಿಯಿದೆ" ಎಂದೋ "ಉಪ್ಪು ಒಂದು ಕಲ್ಲು ಕಡಿಮೆ" ಎಂದೋ ಹೇಳುತ್ತಿದ್ದರು. ಆ ಮಾತು ಕೇಳಿದ ಮೇಲೆಯೇ ನಾನು ನೀರಿನ ಲೋಟ ಕೊಡುತ್ತಿದ್ದೆ. ರುಚಿಗೆ ಏನೂ ಆಗಲಿಲ್ಲ, ಯಕೃತ್ತಿನ ಪರೀಕ್ಷೆಯೂ ಸರಿಯಾಗಿ ಬಂತು. ಆಗಸ್ಟಿನಲ್ಲಿ ಎಳೆದ ಗೆರೆ ಮೂರು ಮಿಲಿಮೀಟರಿನಷ್ಟು ಮುಂದಕ್ಕೆ ಸರಿದಿದೆ, ಅದರ ಹಿಂದಿನ ಉಗುರು ಗುಲಾಬಿ ಬಣ್ಣದ್ದಾಗಿ ತೆಳ್ಳಗಿದೆ. ಸಾಯನ್ನಿನ ಹಿರಿಯರು ಹೇಳಿದಂತೆ ಅಡುಗೆ ಮಾಡುವ ಜಾಗಕ್ಕೆ ಹೋಗಿ ನೋಡಿದೆ, ಅಲ್ಲಿ ಅವರು ಬರಿಗಾಲಿನಲ್ಲೇ ನಿಲ್ಲುತ್ತಿದ್ದರು. ಈಗ ಒಲೆಯ ಮುಂದೆ ಮಾತ್ರ ಹಾಕಿಕೊಳ್ಳುವ ಚಪ್ಪಲಿ ಬಂದಿದೆ. ಮನೆಯಲ್ಲಿ ಕಾಲೊರಸು, ನೇಲ್ ಕಟರ್ ಎಲ್ಲವೂ ಬೇರೆ ಬೇರೆ. ಉಳಿದಿರುವುದು ಅವರ ಹಳೆಯ ಚರ್ಮದ ಚಪ್ಪಲಿ ಮತ್ತು ಒಂದು ಜೋಡಿ ಬೂಟು. ಎಸೆಯಲು ಅವರಿಗೆ ಮನಸ್ಸಿಲ್ಲ. ಇಟ್ಟುಕೊಳ್ಳಬಹುದೇ?

ಉತ್ತರ: ಚರ್ಮವೈದ್ಯ, ಮುಲುಂಡ್

ಉದುರಿದ ಚರ್ಮದ ಹುಡಿಯಲ್ಲಿ ಶಿಲೀಂಧ್ರ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು, ಮತ್ತು ಗುಣವಾದವರಲ್ಲಿ ಹಲವರಿಗೆ ಇದು ಮರುಕಳಿಸುತ್ತದೆ. ಹಾಗಾಗಿ ಬೆವರು ಹೀರಿದ ಹಳೆಯ ಮುಚ್ಚಿದ ಬೂಟನ್ನು ತೆಗೆದುಬಿಡುವುದೇ ಒಳ್ಳೆಯದು. ಚಪ್ಪಲಿಯನ್ನು ಇಟ್ಟುಕೊಳ್ಳಲೇಬೇಕೆಂದಿದ್ದರೆ ಚೆನ್ನಾಗಿ ಒರೆಸಿ, ಒಳಗೆಲ್ಲ ಶಿಲೀಂಧ್ರದ ಪೌಡರ್ ಉದುರಿಸಿ, ಕೆಲವು ದಿನ ಬಿಸಿಲಿನಲ್ಲಿಟ್ಟು ಆಮೇಲೆ ಹಾಕಿಕೊಳ್ಳಲಿ. ಕಾಲುಚೀಲ ಹತ್ತಿಯದಾಗಿರಲಿ, ದಿನವೂ ಬದಲಾಗಲಿ, 60 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ಒಗೆಯಿರಿ. ಹೊಸ ಬೂಟನ್ನು ಸಂಜೆಯ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುವುದರಿಂದ ಅಳತೆ ಸರಿಯಾಗಿ ಸಿಗುತ್ತದೆ. ಸ್ಪರ್ಶ ಕುಂದಿದ ಪಾದವಾದ್ದರಿಂದ ಪ್ರತಿದಿನ ಹಾಕಿಕೊಳ್ಳುವ ಮೊದಲು ಒಳಗೆ ಕೈಹಾಕಿ ಕಲ್ಲು, ಮೊಳೆ ಇಲ್ಲವೆಂದು ನೋಡಿಕೊಳ್ಳಿ. ಬರುವ ಜೂನಿನಲ್ಲಿ ಮಳೆ ಹಿಡಿಯುವ ಮೊದಲೇ ಬೆರಳ ಸಂದಿಯನ್ನು ಒಮ್ಮೆ ವೈದ್ಯರಿಗೆ ತೋರಿಸಿ.